ಹೊಗೆಗೆ ದಾರಿ

ರದ್ದಿ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕ ಪುಸ್ತಕ.
ರಟ್ಟು ಕಿತ್ತಿತ್ತು. ಒಳಗೆ ಓದಲಾಗದ ಭಾಷೆ,
ಅಕ್ಷರಗಳ ನೆತ್ತಿಯ ಮೇಲೆ ಅಲ್ಲಲ್ಲಿ ಜೋಡಿ ಚುಕ್ಕಿ, ಪುಟ್ಟ ಸೊನ್ನೆ.
ಚಿತ್ರಗಳನ್ನಷ್ಟೇ ಓದಿದೆ.
ಮೂವತ್ತೊಂದು ವರ್ಷ ಡ್ರಾಯಿಂಗ್ ಟೀಚರ್ ಆಗಿದ್ದವಳಿಗೆ
ಅಷ್ಟು ಸಾಕು.

ಸ್ವೀಡನ್ನಿನ ಯಾವುದೋ ಪಟ್ಟಣದ ಮಹಡಿ ಮನೆ.
ಚಿತ್ರದ ಕೆಳಗೆ ಇಸವಿ, ೧೮೯೧.
ಆಳೆತ್ತರದ ಕಿಟಕಿ, ಹಾಲಿನ ಕೆನೆಯಂಥ ಗೋಡೆ,
ಸೂರಿನ ನಡುವೆ ಗಾರೆಯಲ್ಲಿ ಅರಳಿಸಿದ ಹೂವು,
ನೆಲಕ್ಕೆ ಮೀನಿನ ಮುಳ್ಳಿನಂತೆ ಹೆಣೆದ ಮರದ ಪಟ್ಟಿ.
'ಲಿಂಗ ಕಟ್ಟಿದವರ ಮನೇಲಿ ಮೀನಿನ ಮುಳ್ಳೇನೇ ಗಂಗಾಂಬಿಕೆ'
ಅಂತ ನಕ್ಕಳು ತಂಗಿ.
ಮೂಲೆಯಲ್ಲಿ, ನೆಲದಿಂದ ಸೂರಿನ ತನಕ,
ಯಾರ ಜೊತೆಗೂ ಮಾತಾಡದ ಹಿರಿಸೊಸೆಯ ಹಾಗೆ
ಒಂದು ಬಿಳಿ ಟೈಲ್ಸಿನ ಒಲೆ.
ಹೊಟ್ಟೆಗೆ ಎರಡು ಹಿತ್ತಾಳೆ ಬಾಗಿಲು.

ನನ್ನದು ಮಂಡಿಪೇಟೆಯ ಮಹಡಿ.
ಅರಳೆ ಸಾಹುಕಾರರ ಗಾದಿ ಇದ್ದ ಜಾಗ.
ಸೂರಿನ ನಡುವೆ ಹೂವಿಲ್ಲ, ಕಬ್ಬಿಣದ ಕೊಂಡಿ.
ಅದಕ್ಕೆ ತೂಗಿದ್ದು ತೊಟ್ಟಿಲಲ್ಲ, ತಕ್ಕಡಿ.
ಈಗಲೂ ಜೇಡ ಹೊಡೆದರೆ
ತೊಲೆಯ ಸಂದಿಯಿಂದ ಅರಳೆಯ ಎಳೆ ಉದುರುತ್ತದೆ.
ಅದನ್ನೇ ಹೊಸೆದು ದೀಪ ಹಚ್ಚಿದ್ದೂ ಉಂಟು.

ಗೋಡೆಗೆ ಬಿಳಿ ಬಳಿಸಿದೆ,
ಕಿಟಕಿಗೆ ತೆಳ್ಳನೆ ಮಲ್ಲಿನ ಪರದೆ.
ಬೆಳಕು ಬಂತು,
ಊಟಕ್ಕೆ ಕರೆದರೆ ಹಾಸಿಗೆ ಕೇಳುವ ನೆಂಟನ ಹಾಗೆ.
ಶಿವರಾತ್ರಿ ಕಳೆಯುವಷ್ಟರಲ್ಲಿ
ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬಿಳುಪು.
ಆಗ ತಿಳಿಯಿತು, ಅವರು ಬಿಳಿ ಬಳಿದದ್ದು ಚಂದಕ್ಕಲ್ಲ.
ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಚಳಿಗಾಲದಲ್ಲಿ
ಒಂದೇ ಮೇಣದ ಬತ್ತಿಯನ್ನು
ನಾಲ್ಕು ಗೋಡೆಗಳು ಹಂಚಿಕೊಂಡು ಉಣ್ಣುವ ಉಪಾಯ ಅದು.
ನಮ್ಮಜ್ಜಿ ನಡುಮನೆಯನ್ನು ಕತ್ತಲಾಗಿಟ್ಟದ್ದು
ಬಡತನಕ್ಕೆ ಅಂದುಕೊಂಡಿದ್ದೆನಲ್ಲ.

ಆದರೂ ಒಲೆ ಬೇಕು ಅನ್ನಿಸಿತು. ಹುಚ್ಚು.

ಮಂಡಕ್ಕಿ ಭಟ್ಟಿ ಕಟ್ಟುವ ಬುಡೇನ್‌ಸಾಬರು ಬಂದರು.
ಪುಸ್ತಕವನ್ನು ಕಿಟಕಿಗೆ ಹಿಡಿದು
ಬೆರಳಿಂದ ಟೈಲ್ಸ್ ಎಣಿಸಿದರು, ತಪ್ಪಿದರು, ಮತ್ತೆ ಎಣಿಸಿದರು.
'ಹೊಗಿ ಎಲ್ಲಿಗೆ ಹೋಗ್ತೈತಿ ಟೀಚರಮ್ಮ?'
ಉರಿ ಹಾಕೋದಿಲ್ಲ ಸಾಬ್ರೇ, ಬರೀ ನೋಡೋಕೆ.
ಅವರು ನನ್ನ ಮುಖ ನೋಡಿದ ರೀತಿ
ಶಾಲೆಯಲ್ಲಿ ನಾನು ಮಕ್ಕಳನ್ನು ನೋಡುತ್ತಿದ್ದ ರೀತಿ.
'ಇಷ್ಟು ಎತ್ತರ ಸುಮ್ನೆ ಕಟ್ಟಿಲ್ಲ ಅವ್ರು.
ಹೊಗಿ ಒಳಗೇ ಮ್ಯಾಲೆ ಹತ್ತಿ, ಕೆಳಗಿಳಿದು, ಮತ್ತೆ ಹತ್ತಿ
ಬಿಸಿನೆಲ್ಲ ಇಟ್ಟಂಗಿಗೆ ಕೊಟ್ಟು
ಬರಿಗೈಲಿ ಹೊರಗೆ ಹೋಗ್ತೈತಿ.
ಸಂಬಳದ ದಿನ ನಮ್ಮ ಹುಡುಗ್ರು ಮನಿಗೆ ಬಂದಂಗೆ.'

ಹದಿನೆಂಟು ದಿನ ಕಟ್ಟಿದರು.
ಟೈಲ್ಸು ಯಾವುದೋ ಲಾಡ್ಜಿನ ಬಚ್ಚಲಿಗೆ ತಂದು ಉಳಿದದ್ದು,
ಬಾಗಿಲು ಅಮ್ಮನ ತೂತು ಬಿದ್ದ ಹಂಡೆ ಬಡಿಸಿ ಮಾಡಿದ್ದು.
ನನಗೆ ಹೇಳದೆ ಒಳಗೆ ಗಂಟಲು ಬಿಟ್ಟಿದ್ದರು,
ಅಟ್ಟದ ಗವಾಕ್ಷಿಗೆ ಸೇರಿಸಿದ್ದರು.
ಕೊನೆಯ ದಿನ ಪಂಚೆಯ ಮಡಿಕೆಯಿಂದ
ಎರಡು ಹಿಡಿ ಭತ್ತದ ಹೊಟ್ಟು ತೆಗೆದು
'ಉರಿ ಕಾಣದ ಒಲಿ ಗೋರಿ ಆಗ್ತೈತಿ' ಅಂದರು.

ಏಪ್ರಿಲ್ ಹನ್ನೊಂದು, ಹಗಲು ಎರಡು ಗಂಟೆ.
ದಾವಣಗೆರೆಯಲ್ಲಿ ಆ ಹೊತ್ತಿಗೆ ಒಲೆ ಹಚ್ಚಿ
ಬೆವರುತ್ತಾ ಕುಳಿತವರು ಭಟ್ಟಿಯವರು ಮತ್ತು ನಾವಿಬ್ಬರು.
ಬೀದಿಗೆ ಓಡಿ ಕತ್ತೆತ್ತಿ ನೋಡಿದೆ.
ಗವಾಕ್ಷಿಯಿಂದ ತೆಳ್ಳಗೆ, ನಾಚುತ್ತಾ,
ಒಂದೆಳೆ ಹೊಗೆ.
ಎದುರಿನ ಬೇಳೆ ಮಂಡಿಯವನು ಬೆಂಕಿ ಬೆಂಕಿ ಅಂತ ಕೂಗಿಯೇಬಿಟ್ಟ.

ಮಲ್ಲಿನ ಪರದೆ ತೆಗೆದೆ. ಈಗ ಕಿಟಕಿಗೆ
ನೀರು ಚಿಮುಕಿಸಿದ ಗೋಣಿತಾಟು.
ಮಬ್ಬಿನಲ್ಲಿ ಬಿಳಿ ಒಲೆ ನೆರಳಿಗೆ ಬಂದ ಹಸುವಿನ ಹಾಗೆ ನಿಂತಿದೆ.
ಅದರ ದಪ್ಪ ಹೊಟ್ಟೆಯೊಳಗೆ ಬಿಸಿಲು ಇಳಿಯುವುದಿಲ್ಲ
ಎಂದು ಗೊತ್ತಾದ ಮೇಲೆ
ಕುಡಿಯುವ ನೀರಿನ ಮಡಕೆಯನ್ನು ಅಲ್ಲೇ ಇಟ್ಟಿದ್ದೇನೆ.

ನಿನ್ನೆ ಬಾಕಿ ದುಡ್ಡಿಗೆ ಬಂದ ಬುಡೇನ್‌ಸಾಬರು
ಹಿತ್ತಾಳೆ ಬಾಗಿಲು ತೆಗೆದು ಮಡಕೆ ನೋಡಿದರು.
ಏನೂ ಅನ್ನಲಿಲ್ಲ.
ಎರಡು ಲೋಟ ಕುಡಿದು, ತೇವದ ಬೆರಳಿಂದ
ಮೂರನೇ ಸಾಲಿನಲ್ಲಿ ಕೂದಲೆಳೆಯಷ್ಟು ಓರೆಯಾದ ಟೈಲ್ಸನ್ನು
ಮುಟ್ಟಿ ಮುಟ್ಟಿ ನೋಡಿದರು.